ಬಿಳಿ ಕಲೆ ಬಿಡುವ ನಲ್ಲಿ ನೀರಿಗೆ ಏನು ಮಾಡಬೇಕು?

ಪ್ರಶ್ನೆ: ಎರಡು ವರ್ಷದ ಹಿಂದೆ ಈ ಊರಿಗೆ ಬಂದೆವು. ಇಲ್ಲಿಯ ನಲ್ಲಿ ನೀರು ತುಂಬಾ ಗಡಸು. ಎಷ್ಟು ಉಜ್ಜಿದರೂ ಸೋಪು ನೊರೆ ಬರುವುದಿಲ್ಲ. ಸ್ಟೀಲ್ ಪಾತ್ರೆ, ಗಾಜಿನ ಲೋಟ, ಬಾತ್‌ರೂಮಿನ ನಲ್ಲಿ ಎಲ್ಲದರ ಮೇಲೂ ಬಿಳಿ ಕಲೆ. ಗೀಸರ್ ಕಾಯಿಲ್ ಎರಡು ಸಲ ಸುಟ್ಟುಹೋಯಿತು. ನನ್ನ ಕೂದಲು ಒರಟಾಗಿದೆ, ಉದುರುತ್ತಿದೆ. ಅತ್ತೆಯವರಿಗೆ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು, ಈಗ ಈ ನೀರು ಕುಡಿಯೋಕೇ ಹೆದರುತ್ತಾರೆ. ಮೊನ್ನೆ ಒಬ್ಬರು ಮನೆಗೆ ಬಂದು ನಮ್ಮ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟರು. ನೀರು ಕಂದು ಬಣ್ಣಕ್ಕೆ ತಿರುಗಿತು. "ನೀವು ದಿನಾ ಕುಡಿಯುತ್ತಿರುವುದು ಇದನ್ನೇ" ಅಂದರು. ಇಡೀ ಮನೆಗೆ ನೀರನ್ನು ಮೆದು ಮಾಡುವ ಸಾಫ್ಟ್‌ನರ್, ಕುಡಿಯೋಕೆ ಆರ್‌ಒ, ಎರಡೂ ಹಾಕಿಸಿ ಅನ್ನುತ್ತಿದ್ದಾರೆ. ಅಕ್ಕಪಕ್ಕದ ಮನೆಗಳಲ್ಲೂ ಇದೇ ಗೋಳು. ಏನು ಮಾಡಲಿ?

ಉತ್ತರ: ಮೊದಲು ಆ ಕಂದು ನೀರಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಮನೆಯವರ ಭಯಕ್ಕೆಲ್ಲ ಅದೇ ಮೂಲ ಅನ್ನಿಸುತ್ತದೆ. ಆ ಬಣ್ಣ ನಿಮ್ಮ ನೀರಿನಲ್ಲಿ ಇರಲಿಲ್ಲ. ಅದು ಬಂದದ್ದು ಕಡ್ಡಿಯಿಂದ. ಆ ಯಂತ್ರದಲ್ಲಿ ಒಂದು ಕಡ್ಡಿ ಕಬ್ಬಿಣದ್ದು ಇರುತ್ತದೆ. ಕರೆಂಟ್ ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ನೀರಿಗೆ ಇಳಿಯುತ್ತದೆ. ಆರ್‌ಒ ನೀರಿಗೆ ಅದೇ ಕಡ್ಡಿ ಇಳಿಬಿಟ್ಟರೆ ಅದು ಯಾಕೆ ಹಾಗೇ ತಿಳಿಯಾಗಿ ಉಳಿಯುತ್ತದೆ ಅಂದರೆ, ಅದರಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯೋದಿಲ್ಲ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಳಿಸಿ ಅನ್ನಿ, ಅದೂ ಕಂದಾಗುತ್ತದೆ. ಇದನ್ನು ನೋಡಿ ಹೆದರಿ ಯಂತ್ರ ತಂದವರನ್ನು ನಾನು ತುಂಬಾ ಕಂಡಿದ್ದೇನೆ. ನೀವಂತೂ ಹಾಗೆ ಮಾಡಬೇಡಿ.

ಇನ್ನು ನಿಮ್ಮ ಪ್ರಶ್ನೆಗೆ. ಗಡಸು ನೀರು ಮನೆಗೆ ನಷ್ಟ ಮಾಡುವುದು ಎರಡೇ ಜಾಗದಲ್ಲಿ. ನೀರು ಕಾಯುವ ಕಡೆ, ಮತ್ತು ನೀರು ಸೋಪಿಗೆ ಸೇರುವ ಕಡೆ. ಕುಡಿಯುವ ಲೋಟದಲ್ಲಿ ಅದು ಬಹುಮಟ್ಟಿಗೆ ಸಾಧು. ಆದ್ದರಿಂದ ಇಡೀ ಮನೆಯ ನೀರನ್ನು ಬದಲಾಯಿಸುವ ಅಗತ್ಯ ಹೆಚ್ಚಿನ ಮನೆಗಳಿಗೆ ಇಲ್ಲ. ಆ ಎರಡು ಜಾಗ ನೋಡಿಕೊಂಡರೆ ಸಾಕು. ಉಳಿದದ್ದೆಲ್ಲ ಇದರ ವಿವರ.

ಗಡಸು ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಅಂಶವಿರುವ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ನೀರು ಆಳದಲ್ಲಿ ಎಷ್ಟು ಹೆಚ್ಚು ಕಾಲ ಕಲ್ಲಿನ ಜೊತೆ ಇರುತ್ತದೋ ಸಾಮಾನ್ಯವಾಗಿ ಅಷ್ಟು ಜಾಸ್ತಿ ಲವಣ ಹೊತ್ತು ಬರುತ್ತದೆ. ಅದಕ್ಕೇ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಕೆರೆ, ಹೊಳೆ ನೀರಿಗಿಂತ ಗಡಸು. ಈಗ ಅದೇ ನೀರನ್ನು ಕಾಯಿಸಿದರೆ ಎಲ್ಲ ಹಿಂದುಮುಂದಾಗುತ್ತದೆ. ಡೈಆಕ್ಸೈಡ್ ಹಾರಿಹೋಗುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ನಿಮ್ಮ ಗೀಸರಿನೊಳಗೆ ಆಗುತ್ತಿರುವುದು ಅಕ್ಷರಶಃ ಇದೇ. ನೆಲದಡಿ ಕರಗಿದ ಕಲ್ಲು ನಿಮ್ಮ ಕಾಯಿಲ್ ಮೇಲೆ ಮತ್ತೆ ಹುಟ್ಟುತ್ತಿದೆ.

ಕಾಯಿಸಿದಾಗ ಹೀಗೆ ಬೇರೆಯಾಗುವ ಭಾಗಕ್ಕೆ ತಾತ್ಕಾಲಿಕ ಗಡಸು ಎನ್ನುತ್ತಾರೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವ ಇನ್ನೊಂದು ಭಾಗ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅದು ಶಾಶ್ವತ ಗಡಸು. ನಿಮ್ಮ ನೀರಿನಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯದೆ ಯಾವ ಸಲಹೆ ಕೊಟ್ಟರೂ ಅದು ಊಹೆ.

ಹಾಗಾಗಿ ಮೊದಲ ಕೆಲಸ ಪರೀಕ್ಷೆ. ಟಿಡಿಎಸ್ ಮೀಟರ್ ಸಾಕಾಗುವುದಿಲ್ಲ. ಅದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೇ. ಸುಣ್ಣವೋ ಅಡುಗೆ ಉಪ್ಪೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಾಫ್ಟ್‌ನರ್ ಹಾಕಿಸಿಕೊಂಡವರು ಕೆಲವರು ಮರುದಿನವೇ ಮೀಟರ್ ಅದ್ದಿ "ಟಿಡಿಎಸ್ ಇಳಿದೇ ಇಲ್ಲ, ಮೋಸ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಅದು ಇಳಿಯೋದೇ ಇಲ್ಲ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಒಟ್ಟು ಲವಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಗಡಸನ್ನೇ ಅಳೆಯುವ ಹನಿ ಕಿಟ್ ಸಿಗುತ್ತದೆ. ಸಣ್ಣ ಬಾಟಲಿಯಲ್ಲಿ ನೀರು ತೆಗೆದುಕೊಂಡು ಬಣ್ಣದ ಪುಡಿ ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಆಮೇಲೆ ಹನಿಹನಿಯಾಗಿ ಇನ್ನೊಂದು ದ್ರಾವಣ ಬಿಡುತ್ತಾ ಹೋಗಬೇಕು. ಕೆಂಪು ನೇರಳೆಗೆ ತಿರುಗಿ, ಕೊನೆಗೆ ಒಂದೇ ಒಂದು ಹನಿಗೆ ಪೂರ್ತಿ ನೀಲಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಹನಿ ಎಣಿಸಬೇಕು. ಲ್ಯಾಬಿನಲ್ಲೂ ಇದೇ ಪರೀಕ್ಷೆ, ಇನ್ನಷ್ಟು ನಿಖರವಾಗಿ. ಉತ್ತರ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಬರುತ್ತದೆ. ಸಾಮಾನ್ಯವಾಗಿ 60ರ ಒಳಗಿದ್ದರೆ ಮೆದು ನೀರು, 120ರ ತನಕ ಸಾಧಾರಣ, 180ರ ತನಕ ಗಡಸು, ಅದಕ್ಕಿಂತ ಮೇಲೆ ತುಂಬಾ ಗಡಸು ಎನ್ನುವುದು ರೂಢಿ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಕೊನೆಯ ಗುಂಪು.

ಪರೀಕ್ಷೆಯನ್ನು ಎರಡು ಸಲ ಮಾಡಿ. ಒಂದು ಸಲ ನಲ್ಲಿಯಿಂದ ಹಿಡಿದ ನೀರಿಗೆ. ಇನ್ನೊಂದು ಸಲ ಅದೇ ನೀರನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲೋ ಫಿಲ್ಟರ್ ಕಾಗದದಲ್ಲೋ ಸೋಸಿ. ಕುದಿಸುವಾಗ ಆವಿಯಾದಷ್ಟು ಶುದ್ಧ ನೀರು, ಅಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಸೇರಿಸಿ ಮೊದಲಿನ ಅಳತೆಗೆ ತನ್ನಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ತಾತ್ಕಾಲಿಕ ಗಡಸು. ಗೀಸರಿನಲ್ಲಿ ಕೂರುವುದು ಮುಖ್ಯವಾಗಿ ಅದು.

ಲೆಕ್ಕಕ್ಕೆ ಸುಲಭವಾಗಲಿ ಅಂತ ನಿಮ್ಮ ನೀರಿನ ಗಡಸು 400 ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ದಿನಕ್ಕೆ 500 ಲೀಟರ್ ಖರ್ಚಾದರೆ 200 ಗ್ರಾಂ ಸುಣ್ಣದ ಕಲ್ಲು ನಿಮ್ಮ ಪೈಪುಗಳ ಮೂಲಕ ಹಾದುಹೋಗುತ್ತದೆ. ವರ್ಷಕ್ಕೆ 73 ಕಿಲೋ. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಇದರಲ್ಲಿ ಬಹುಪಾಲು ಕರಗಿದ ಹಾಗೇ ಬಂದು ಹಾಗೇ ಚರಂಡಿಗೆ ಹೋಗುತ್ತದೆ. ಶೌಚಾಲಯಕ್ಕೆ, ನೆಲ ಒರೆಸೋಕೆ, ಗಿಡಕ್ಕೆ ಹೋಗುವ ನೀರನ್ನು ಮೆದು ಮಾಡಿಸಿ ಪ್ರಯೋಜನ ಏನು ಹೇಳಿ?

ಸೋಪಿನ ಲೆಕ್ಕ ನೋಡಿ. ಸೋಪು ನೀರಿಗೆ ಬಿದ್ದ ಕೂಡಲೇ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟಿನ ಅಂಚಿಗೆ ಬೂದುಬಣ್ಣದ ಪಟ್ಟಿಯಾಗಿ ಅಂಟುವುದು ಅದೇ, ಟವೆಲ್ ಒರಟಾಗುವುದೂ ಅದರಿಂದಲೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಹೀಗೆ ತೀರಿದ ಮೇಲಷ್ಟೇ ಸರಿಯಾದ ನೊರೆ ಏಳುತ್ತದೆ. 400 ಗಡಸಿನ ಹತ್ತು ಲೀಟರ್ ಬಕೆಟ್ಟಿನಲ್ಲಿ ಹಾಗೆ ವ್ಯರ್ಥವಾಗುವ ಸೋಪು ಸುಮಾರು 24 ಗ್ರಾಂ. ಅಷ್ಟು ಸೋಪು ಕೊಳೆಯನ್ನು ಮುಟ್ಟುವ ಮೊದಲೇ ಖಾಲಿ. ಅದೇ ಬಕೆಟ್ಟಿಗೆ ಮೊದಲೇ ಸುಮಾರು 4 ಗ್ರಾಂ ವಾಷಿಂಗ್ ಸೋಡಾ ಪುಡಿ, ಅಂದರೆ ಒಂದು ಸಣ್ಣ ಚಮಚದಷ್ಟು, ಹಾಕಿ ಕಲಕಿ ಹತ್ತು ನಿಮಿಷ ಬಿಟ್ಟರೆ ಕ್ಯಾಲ್ಸಿಯಂ ಬಹುಪಾಲು ಬಿಳಿ ಹುಡಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ನೀರನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು ಬಟ್ಟೆ ನೆನೆಹಾಕಿ. ಹರಳು ರೂಪದ ಸೋಡಾ ಆದರೆ ಅದರಲ್ಲಿ ನೀರಿನ ಅಂಶ ಇರುವುದರಿಂದ ಹತ್ತು ಹನ್ನೊಂದು ಗ್ರಾಂ ಬೇಕು. ಉಣ್ಣೆ, ರೇಷ್ಮೆಗೆ ಇದು ಬೇಡ. ಕೈಗೆ ಗ್ಲೌಸ್ ಇರಲಿ, ಚರ್ಮ ಒಣಗುತ್ತದೆ. ಇದು ಅಡುಗೆ ಸೋಡಾ ಅಲ್ಲ ಅನ್ನುವುದನ್ನೂ ನೆನಪಿಡಿ. ಡಬ್ಬಿಯ ಮೇಲೆ ಹೆಸರು ಬರೆದು ಅಡುಗೆಮನೆಯಿಂದ ದೂರ ಇಡಿ.

ವಾಷಿಂಗ್ ಮೆಷಿನ್‌ಗೆ ಬಳಸುವ ಡಿಟರ್ಜೆಂಟ್ ಸೋಪಿನಷ್ಟು ಸೋಲುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಜಿಯೋಲೈಟ್, ಕಾರ್ಬೊನೇಟ್ ಮುಂತಾದವನ್ನು ಮೊದಲೇ ಸೇರಿಸಿರುತ್ತಾರೆ. ಪೊಟ್ಟಣದ ಹಿಂದೆ ಗಡಸು ನೀರಿಗೆ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕಡಿಮೆ ಹಾಕಿದರೆ ಬಿಳಿ ಬಟ್ಟೆ ಬೂದಾಗುತ್ತಾ ಹೋಗುತ್ತದೆ.

ಈಗ ಗೀಸರ್. ಒಮ್ಮೆ ನನ್ನ ಬಳಿ ಸುಟ್ಟುಹೋದ ಕಾಯಿಲ್ ಒಂದನ್ನು ತಂದುಕೊಟ್ಟಿದ್ದರು. ಬೆರಳಿನಷ್ಟು ದಪ್ಪವೂ ಇರದ ಕೊಳವೆ ಮಣಿಕಟ್ಟಿನಷ್ಟು ದಪ್ಪವಾಗಿತ್ತು. ಬಿಳಿ ಅಲ್ಲ, ಹಾಲಿಗೆ ಸ್ವಲ್ಪ ಮಣ್ಣು ಬೆರೆಸಿದ ಬಣ್ಣ. ಬೆರಳಲ್ಲಿ ತಟ್ಟಿದರೆ ಮಣ್ಣಿನ ಮಡಕೆಯ ಸದ್ದು. ಒಂದು ಚಕ್ಕೆ ಮುರಿದು ನೋಡಿದರೆ ಒಳಗೆ ಕಾಗದ ಒಟ್ಟಿದ ಹಾಗೆ ತೆಳ್ಳಗಿನ ಪದರ ಪದರ. ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟೆ. ಸಣ್ಣಗೆ ಗುಳ್ಳೆ ಏಳುತ್ತಾ ಚಕ್ಕೆ ಕರಗತೊಡಗಿತು. ನಿಮ್ಮ ಮನೆಯ ಬಿಳಿ ಕಲೆಯ ಮೇಲೂ ಹೀಗೆ ಮಾಡಿ ನೋಡಿ. ಗುಳ್ಳೆ ಬಂದರೆ ಅದು ಸುಣ್ಣ, ಹುಳಿಯಿಂದ ಹೋಗುತ್ತದೆ. ಗುಳ್ಳೆ ಬಾರದೆ ಗಾಜಿನಂತೆ ಗಟ್ಟಿ ಕೂತಿದ್ದರೆ ಬೇರೆ ಖನಿಜ ಇರಬಹುದು, ವಿನೆಗರ್ ಸುಮ್ನೆ ವ್ಯರ್ಥ.

ಕಾಯಿಲ್ ಸುಡುವುದು ಯಾಕೆ? ಸುಣ್ಣದ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಒಳಗಿನ ತಂತಿ ಕಾಯುತ್ತಲೇ ಇರುತ್ತದೆ, ಶಾಖ ನೀರಿಗೆ ಬೇಗ ಹೋಗುವುದಿಲ್ಲ, ಕೊನೆಗೆ ಕಾಯಿಲ್ ತನ್ನ ಶಾಖಕ್ಕೆ ತಾನೇ ಬಲಿಯಾಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪದರ ಕೂತರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಅನ್ನುತ್ತಾರೆ. ವಿದ್ಯುತ್ ಗೀಸರಿನಲ್ಲಿ ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಶಾಖ ತಡವಾಗಿಯಾದರೂ ನೀರಿಗೇ ಸೇರುತ್ತದೆ. ಅಲ್ಲಿ ನಷ್ಟ ಆಗುವುದು ಕಾಯಿಲ್ ಆಯುಸ್ಸಿಗೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ಬೆಂಕಿಯ ಶಾಖ ಹೊರಗೆ ಸೋರಿಹೋಗುವುದರಿಂದ ಇಂಧನವೂ ಜಾಸ್ತಿ ಖರ್ಚಾಗುತ್ತದೆ.

ಎಷ್ಟು ಬೇಗ ಕೂರುತ್ತದೆ? ದಿನಕ್ಕೆ 100 ಲೀಟರ್ ಕಾಯಿಸುತ್ತೀರಿ, ತಾತ್ಕಾಲಿಕ ಗಡಸು 250 ಇದೆ, ಅದರಲ್ಲಿ ಐದರಲ್ಲೊಂದು ಪಾಲು ಒಳಗೆ ಉಳಿಯುತ್ತದೆ ಅಂದುಕೊಂಡರೂ ದಿನಕ್ಕೆ 5 ಗ್ರಾಂ, ವರ್ಷಕ್ಕೆ 1.8 ಕಿಲೋ. ನೀರು ಹೆಚ್ಚು ಬಿಸಿಯಾದಷ್ಟೂ ಈ ಪಾಲು ಏರುತ್ತದೆ. ಅದಕ್ಕೆ ಥರ್ಮೋಸ್ಟಾಟ್ 75ಕ್ಕೋ 80ಕ್ಕೋ ಇದ್ದರೆ ಇವತ್ತೇ 60 ಡಿಗ್ರಿಗೆ ಇಳಿಸಿ. ಅದಕ್ಕಿಂತ ತುಂಬಾ ಕೆಳಗೂ ಬೇಡ. ಸದಾ ನೀರು ತುಂಬಿ ನಿಲ್ಲುವ ಟ್ಯಾಂಕಿನಲ್ಲಿ ಉಗುರುಬೆಚ್ಚಗಿನ ನೀರು ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ ಹಿತ. ಕಾಯಿಲ್ ಹೋಗುವ ತನಕ ಕಾಯದೆ ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ಪದರ ತೆಗೆಸಿ. ಹಾಗೆಯೇ ಒಳಗಿರುವ ಮೆಗ್ನೀಸಿಯಂ ಆನೋಡ್ ಕಡ್ಡಿ ಎಷ್ಟು ಉಳಿದಿದೆ ಎಂದು ನೋಡಲು ಹೇಳಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಪೂರ್ತಿ ಸವೆದರೆ ಮುಂದಿನ ಸರದಿ ಟ್ಯಾಂಕಿನದು. ಬಿಚ್ಚುವ ಮೊದಲು ಮೇನ್ ಸ್ವಿಚ್ ಆಫ್ ಆಗಿರಲಿ.

ಕೆಟಲ್, ಶವರ್, ನಲ್ಲಿಯ ತುದಿಯ ಜಾಲರಿ ಇವಕ್ಕೆ ನಿಂಬೆ ಉಪ್ಪು ಸಾಕು, ಅದೇ ಸಿಟ್ರಿಕ್ ಆಸಿಡ್. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಉಗುರುಬೆಚ್ಚಗೆ ಮಾಡಿ, ಅರ್ಧ ಗಂಟೆ ನೆನೆಸಿ ತೊಳೆಯಿರಿ. ಕುದಿಸಬೇಡಿ. ತುಂಬಾ ಬಿಸಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಮಾರ್ಬಲ್ ಕಲ್ಲಿನ ಮೇಲೆ ಯಾವ ಹುಳಿಯನ್ನೂ ಬಿಡಬೇಡಿ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ, ಕಲೆಯ ಜೊತೆ ನೆಲವೂ ಕರಗುತ್ತದೆ. ಟಾಯ್ಲೆಟ್ ತೊಳೆಯುವ ಪ್ರಬಲವಾದ ಆಸಿಡ್‌ಗೆ ಕೈ ಹಾಕಲೇಬೇಡಿ. ನಾನು ವರ್ಷಗಳ ಹಿಂದೆ ಅವಸರಕ್ಕೆ ಅದನ್ನು ಶವರಿಗೆ ಹಚ್ಚಿ ಕ್ರೋಮ್ ಹೊಳಪನ್ನೆಲ್ಲ ಕಳೆದುಕೊಂಡೆ. ಅದು ಹೋಗಲಿ, ಆ ಆಸಿಡ್ ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಅತ್ತೆಯವರ ಭಯಕ್ಕೆ ಬರುತ್ತೇನೆ. ಇದು ನನಗೆ ಗೀಸರಿಗಿಂತ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಹೆದರಿಕೆಯಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರೆ ಅದೇ ನಿಜವಾದ ಅಪಾಯ. ಕಿಡ್ನಿ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಹೆಸರಿನಲ್ಲಿ ಕ್ಯಾಲ್ಸಿಯಂ ಇದೆ ಅಂತ ಕ್ಯಾಲ್ಸಿಯಂ ಬಿಟ್ಟರೆ ಸರಿಹೋಗುತ್ತದೆ ಎಂದಲ್ಲ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಹಾರದಲ್ಲಿರುವ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಗೆ ಸಾಗಿಸುತ್ತದೆ, ಕಿಡ್ನಿಗೆ ಬರಲು ಬಿಡುವುದಿಲ್ಲ. ಕಲ್ಲಾದವರಿಗೆ ವೈದ್ಯರು ಮೊದಲು ಹೇಳುವುದು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವ ಹಾಗೆ ನೀರು ಕುಡಿಯಿರಿ ಎಂದು. 400 ಗಡಸು ಪೂರ್ತಿ ಕ್ಯಾಲ್ಸಿಯಂನದೇ ಆಗಿದ್ದರೂ ಲೀಟರಿಗೆ 160 ಮಿಲಿಗ್ರಾಂ, ಎರಡು ಲೀಟರಿಗೆ 320. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಆರೋಗ್ಯದ ಕಾರಣಕ್ಕೆ ಗಡಸಿಗೆ ಯಾವ ಮಿತಿಯನ್ನೂ ಹಾಕಿಲ್ಲ. ಅವರ ಕಿಡ್ನಿ ಈಗ ಹೇಗಿದೆ, ನೀರಿಗೆ ಏನಾದರೂ ಮಿತಿ ಇದೆಯೇ ಎಂದು ಅವರ ವೈದ್ಯರನ್ನು ಒಮ್ಮೆ ಕೇಳಿ. ಬೇರೆ ಮಿತಿ ಇಲ್ಲ ಅಂದರೆ ಚೆನ್ನಾಗಿ ಕುಡಿಯಲಿ.

ರುಚಿ ಹಿಡಿಸದಿದ್ದರೆ ಅದು ಬೇರೆ ಮಾತು. ಕುದಿಸಿ, ಆರಿಸಿ, ತಳದ ಬಿಳಿ ಹುಡಿ ಕಲಕದಂತೆ ಬಗ್ಗಿಸಿಕೊಂಡರೆ ಎಷ್ಟೋ ಹಗುರಾಗುತ್ತದೆ. ಸಲ್ಫೇಟ್ ತುಂಬಾ ಇದ್ದರೆ ಹೊಸಬರಿಗೆ ಕೆಲವು ದಿನ ಹೊಟ್ಟೆ ಸಡಿಲಾಗಬಹುದು. ಎರಡು ವರ್ಷ ಆಯಿತಲ್ಲ, ನಿಮಗೆ ಅದು ಇಲ್ಲ ಅಂದುಕೊಳ್ಳುತ್ತೇನೆ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಣ್ಣಿಗೆ ಕಾಣುವ ಬಿಳುಪಿಗೆ ಹೆದರುವವರು ಕಾಣದ್ದನ್ನು ಕೇಳುವುದೇ ಇಲ್ಲ. ನೆಲದಡಿಯ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇರಬಹುದು. ಇವಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಲೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ. ಇನ್ನೂ ಒಂದು ವಿಷಯ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಕಲ್ಲಾಗಿ ಹಿಂದೆ ಉಳಿಯುತ್ತದೆ, ಆದ್ದರಿಂದ ನೀರಿಗೆ ಕರಗುವುದು ಕಡಿಮೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಜಾಸ್ತಿ ಇರುವ ಮೆದು ಅಂತರ್ಜಲದಲ್ಲೇ ಎಷ್ಟೋ ಸಲ ಫ್ಲೋರೈಡ್ ಹೆಚ್ಚು ಕಾಣುತ್ತದೆ. ನೊರೆ ಚೆನ್ನಾಗಿ ಬರುವ ನೀರೆಲ್ಲ ಒಳ್ಳೆಯದು ಎಂದು ನಂಬಬೇಡಿ. ಲ್ಯಾಬಿಗೆ ಕೊಡುವಾಗ ಗಡಸಿನ ಜೊತೆ ಈ ಎರಡನ್ನೂ, ಕಬ್ಬಿಣ ಮತ್ತು ರೋಗಾಣುಗಳನ್ನೂ ನೋಡಲು ಹೇಳಿ. ಕುಡಿಯುವ ನೀರಿಗೆ ಆರ್‌ಒ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ವರದಿ, ಬಿಳಿ ಕಲೆ ಅಲ್ಲ. ಬರೀ ಗಡಸಿಗಾಗಿ ಆರ್‌ಒ ಹಾಕಿಸಿದರೆ ಕುಡಿಯುವ ಪ್ರತಿ ಲೀಟರಿಗೂ ಒಂದಷ್ಟು ನೀರು ಚರಂಡಿ ಸೇರುತ್ತದೆ, ಸುಣ್ಣ ಕೂತು ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಬೇಗ ಹಾಳಾಗುತ್ತದೆ.

ಕೂದಲಿನ ವಿಷಯ. ಗಡಸು ನೀರಿನಿಂದ ಕೂದಲು ಒರಟಾಗುವುದು, ಹೊಳಪು ಕಳೆದುಕೊಳ್ಳುವುದು, ಸಿಕ್ಕಾಗಿ ತುಂಡಾಗುವುದು ಉಂಟು. ಸೋಪಿನ ಜಿಡ್ಡು ಎಳೆಗಳಿಗೆ ಅಂಟುತ್ತದೆ. ಆದರೆ ಬುಡದಿಂದ ಉದುರುವುದಕ್ಕೆ ನೀರನ್ನು ದೂರಲು ಗಟ್ಟಿ ಆಧಾರ ಇಲ್ಲ. ಬಾಚಣಿಗೆಯಲ್ಲಿ ಸಿಕ್ಕ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು. ಅಂಥವು ದಿನವೂ ಜಾಸ್ತಿ ಬರುತ್ತಿದ್ದರೆ ರಕ್ತದಲ್ಲಿ ಕಬ್ಬಿಣ, ಥೈರಾಯ್ಡ್ ತೋರಿಸಿಕೊಳ್ಳಿ. ನೀರನ್ನು ಬೈಯುತ್ತಾ ಆರು ತಿಂಗಳು ಕಳೆಯಬೇಡಿ. ಗಂಟಿಲ್ಲದ ತುಂಡುಗಳಾದರೆ ತಲೆಗೆ ಸೋಪು ಬಿಡಿ, ಶಾಂಪೂ ಬಳಸಿ. ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಇರುವ ಶಾಂಪೂ ವಾರಕ್ಕೊಮ್ಮೆ ಕ್ಯಾಲ್ಸಿಯಂ ತೆಗೆಯಲು ಒಳ್ಳೆಯದು. ಕೊನೆಯ ಎರಡು ತಂಬಿಗೆ ಮಾತ್ರ ಕುದಿಸಿ ಆರಿಸಿದ ನೀರೋ ಮಳೆ ನೀರೋ ಆದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಚರ್ಮದ ಬಗ್ಗೆ ನೀವು ಕೇಳಿಲ್ಲ, ಆದರೆ ಮಕ್ಕಳಿಗೆ ಇಸುಬು ಇರುವ ಮನೆಗಳಿಗೆ ಸಾಫ್ಟ್‌ನರನ್ನು ಔಷಧಿಯಂತೆ ಮಾರುವುದು ಉಂಟು. ಗಡಸು ನೀರಿನ ಪ್ರದೇಶಗಳಲ್ಲಿ ಇಸುಬು ಹೆಚ್ಚು ಕಾಣುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿವೆ, ನಿಜ. ಆದರೆ ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರ್ಧ ಮಕ್ಕಳ ಮನೆಗೆ 12 ವಾರ ಸಾಫ್ಟ್‌ನರ್ ಹಾಕಿಸಿದರೂ ಇಸುಬಿನ ತೀವ್ರತೆಯಲ್ಲಿ ಉಳಿದವರಿಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲ.

ಅಡುಗೆಯಲ್ಲಿ ಕಾಳು ಬೇಯಲು ಹೊತ್ತು ಹಿಡಿಯುವುದು ಮಾತ್ರ ನೀರಿನದೇ ತಪ್ಪು. ಕ್ಯಾಲ್ಸಿಯಂ ಕಾಳಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಅಂಶದ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಕುದಿಸಿ ತಿಳಿ ಮಾಡಿದ ನೀರಿನಲ್ಲಿ ನೆನೆಸಿ, ಅಂಥದ್ದೇ ನೀರಿನಲ್ಲಿ ಬೇಯಿಸಿ.

ಉಪಕರಣಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಕ್ಯಾಂಡಲ್ ಫಿಲ್ಟರ್, ಇದ್ದಿಲಿನ ಫಿಲ್ಟರ್, ಯುವಿ ದೀಪ, ಪಟಿಕ ಇವು ಯಾವುವೂ ಗಡಸು ಇಳಿಸುವುದಿಲ್ಲ. ಇವುಗಳ ಕೆಲಸವೇ ಬೇರೆ. ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂದಿದೆ. ನನ್ನ ಸ್ವಂತ ದುಡ್ಡನ್ನಂತೂ ಅದಕ್ಕೆ ಹಾಕುವುದಿಲ್ಲ. ಗಡಸನ್ನು ನಿಜವಾಗಿ ತೆಗೆಯುವುದು ರೆಸಿನ್ ತುಂಬಿದ ಸಾಫ್ಟ್‌ನರ್. ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜು ಮಾಡಬೇಕು.

ಅದಕ್ಕೂ ಎರಡು ಬೆಲೆ ಇದೆ. ತೆಗೆದ ಪ್ರತಿ 100 ಗಡಸಿಗೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 400 ಪೂರ್ತಿ ತೆಗೆದರೆ 184. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಇರುವ ಮನೆಯಲ್ಲಿ, ಹಾಲಿನ ಪುಡಿ ಕಲಸಿ ಕುಡಿಸುವ ಕೂಸಿರುವ ಮನೆಯಲ್ಲಿ ಈ ನೀರು ಕುಡಿಯಲು ಬೇಡ. ಎರಡನೆಯದು, ಹೊರಗೆ ಬಿಡುವ ಉಪ್ಪುನೀರು. ಗಿಡಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ, ಚರಂಡಿಗೆ ಬಿಟ್ಟರೆ ಊರಿನ ನೀರಿಗೇ ಉಪ್ಪು ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾ ಕಣಿವೆಯಲ್ಲಿ ನದಿಗೆ ಕ್ಲೋರೈಡ್ ಹೆಚ್ಚಾಯಿತೆಂದು 2008ರಲ್ಲಿ ಜನರೇ ಮತ ಹಾಕಿ ಉಪ್ಪು ಬಳಸುವ ಸಾಫ್ಟ್‌ನರುಗಳನ್ನು ಮನೆಗಳಿಂದ ತೆಗೆಸಿದರು.

ಆದ್ದರಿಂದ ಹಾಕಿಸುವುದೇ ಆದರೆ ಗೀಸರ್ ಮತ್ತು ವಾಷಿಂಗ್ ಮೆಷಿನ್‌ಗೆ ಹೋಗುವ ಲೈನಿಗೆ ಮಾತ್ರ ಹಾಕಿಸಿ. ಆ ಎರಡಕ್ಕೆ ದಿನಕ್ಕೆ 200 ಲೀಟರ್ ಸಾಕು ಅಂದರೆ ತೆಗೆಯಬೇಕಾದ ಗಡಸು 80 ಗ್ರಾಂ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ, ಹತ್ತು ಲೀಟರಿನ ಸಣ್ಣ ಘಟಕ ಆರು ದಿನ ಬರುತ್ತದೆ. ಇಡೀ ಮನೆಯ 500 ಲೀಟರಿಗೆ ಅದೇ ಘಟಕವನ್ನು ಎರಡೂವರೆ ದಿನಕ್ಕೊಮ್ಮೆ ಉಪ್ಪುನೀರಿನಿಂದ ತೊಳೆಯಬೇಕು. ನೀರಿನಲ್ಲಿ ಕಬ್ಬಿಣ ಇದ್ದರೆ ಅದನ್ನು ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ರೆಸಿನ್ ಕೆಡುತ್ತದೆ.

ಇನ್ನು ಅಕ್ಕಪಕ್ಕದ ಮನೆಗಳ ಗೋಳು. ಊರಿಗೆಲ್ಲ ಇದೇ ನೀರು ಬರುತ್ತಿದ್ದರೆ ಮನೆಮನೆಯಲ್ಲೂ ಒಂದೊಂದು ಯಂತ್ರ ಕೂರಿಸುವುದಕ್ಕಿಂತ ನೀರು ಹೊರಡುವ ಕಡೆಯೇ ಸರಿಮಾಡುವುದು ಮೇಲು. ಇದು ಹೊಸ ವಿದ್ಯೆ ಏನಲ್ಲ. 1841ರಲ್ಲೇ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ ನೀರಿಗೆ ಸುಣ್ಣ ಹಾಕಿ ಸುಣ್ಣ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಕೇಳಲು ವಿಚಿತ್ರ, ಅಲ್ವಾ? ಅರಳಿದ ಸುಣ್ಣ ನೀರಿನಲ್ಲಿರುವ ಬೈಕಾರ್ಬೊನೇಟ್ (ತಾತ್ಕಾಲಿಕ ಗಡಸು ಕರಗಿರುವ ರೂಪ) ಜೊತೆ ಸೇರಿದಾಗ ತಾನು ತಂದ ಕ್ಯಾಲ್ಸಿಯಂ, ಮೊದಲೇ ಇದ್ದ ಕ್ಯಾಲ್ಸಿಯಂ ಎರಡೂ ಒಟ್ಟಿಗೆ ತಳ ಸೇರುತ್ತವೆ. ನೆದರ್ಲೆಂಡ್ಸ್‌ನ ಹಲವು ನೀರು ಸರಬರಾಜು ಘಟಕಗಳಲ್ಲಿ ಇದೇ ತತ್ವವನ್ನು ಇನ್ನೂ ಅಚ್ಚುಕಟ್ಟಾಗಿ ಬಳಸುತ್ತಾರೆ. ಎತ್ತರದ ಕೊಳವೆಯೊಳಗೆ ಮರಳಿನಂಥ ಸಣ್ಣ ಕಣಗಳು ಮೇಲೇರುವ ನೀರಿನಲ್ಲಿ ತೇಲಾಡುತ್ತಿರುತ್ತವೆ. ಸುಣ್ಣ ಆ ಕಣಗಳ ಮೇಲೆ ಕೂತು ಕೂತು ಮಿಲಿಮೀಟರ್ ಗಾತ್ರದ ಮಣಿಗಳಾಗುತ್ತದೆ. ನಿಮ್ಮ ಕಾಯಿಲ್ ಮೇಲೆ ಕೂರಬೇಕಾದ ಕಲ್ಲು ಅಲ್ಲಿ ಮಣಿಯಾಗಿ ಹೊರಬೀಳುತ್ತದೆ.

ಅಷ್ಟು ದೊಡ್ಡ ಘಟಕ ಆಗದಿದ್ದರೂ ಬೆರಕೆ ಮಾಡಬಹುದು. 400 ಗಡಸಿನ ಕೊಳವೆಬಾವಿ ನೀರಿಗೆ 80 ಗಡಸಿನ ಕೆರೆ ನೀರನ್ನು ಸಮನಾಗಿ ಸೇರಿಸಿದರೆ 240 ಆಗುತ್ತದೆ. ಎಷ್ಟೋ ಊರುಗಳಲ್ಲಿ ಎರಡೂ ಮೂಲ ಇದ್ದು, ಒಂದು ಬಡಾವಣೆಗೆ ಪೂರ್ತಿ ಕೊಳವೆಬಾವಿ, ಇನ್ನೊಂದಕ್ಕೆ ಪೂರ್ತಿ ಕೆರೆ ನೀರು ಹೋಗುತ್ತಿರುತ್ತದೆ. ನಿಮ್ಮ ಬೀದಿಯ ಹತ್ತು ಮನೆಯವರು ಸೇರಿ ಒಂದೇ ದಿನ ನೀರು ಹಿಡಿದು ಪರೀಕ್ಷೆ ಮಾಡಿಸಿ, ಬೇರೆ ಬಡಾವಣೆಯಲ್ಲಿ ಪರಿಚಯದವರಿದ್ದರೆ ಅಲ್ಲಿಂದಲೂ ಒಂದು ಬಾಟಲಿ ತರಿಸಿ. ಆ ಅಂಕಿಗಳನ್ನು ಹಿಡಿದುಕೊಂಡು ಹೋಗಿ ನಮ್ಮ ಕಡೆಗೆ ಯಾವ ಮೂಲದ ನೀರು, ಬೆರಕೆ ಯಾಕಿಲ್ಲ ಎಂದು ನೀರು ಸರಬರಾಜಿನವರನ್ನು ಕೇಳಿ. "ನೀರು ಚೆನ್ನಾಗಿಲ್ಲ" ಎಂಬ ದೂರಿಗೆ ಉತ್ತರ ಹಾರಿಸುವುದು ಸುಲಭ. ಮನೆವಾರು ಅಂಕಿ ಇರುವ ಪಟ್ಟಿಗೆ ಹಾಗೆ ಮಾಡುವುದು ಕಷ್ಟ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಗೀಸರ್ 60ಕ್ಕೆ ಇಳಿಸಿ. ಬಟ್ಟೆಗೆ ವಾಷಿಂಗ್ ಸೋಡಾ ಶುರು ಮಾಡಿ. ಲ್ಯಾಬಿಗೆ ನೀರು ಕೊಡಿ, ಕುದಿಸುವ ಮೊದಲಿನದು, ಆಮೇಲಿನದು ಎರಡನ್ನೂ. ವರದಿ ಬಂದ ಮೇಲೆ ಒಟ್ಟು ಗಡಸು, ತಾತ್ಕಾಲಿಕ ಗಡಸು, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಈ ಐದು ಅಂಕಿ ಬರೆದು ಕಳಿಸಿ. ಸಾಫ್ಟ್‌ನರ್ ಬೇಕೇ, ಬೇಕಾದರೆ ಎಷ್ಟು ಲೀಟರಿನದು ಎಂದು ಕೂತು ಲೆಕ್ಕ ಹಾಕೋಣ. ಅಲ್ಲಿಯ ತನಕ ಆ ಮಾರಾಟದವರಿಗೆ ಮುಂಗಡ ಕೊಡಬೇಡಿ.